ಮದುವೆ ಕಡೆಗೆ ಬೆಸೆದ ಡ್ರಮ್ಮು

ನನ್ನ ರಿಪೇರಿ ವಿದ್ಯೆಯ ಬಗ್ಗೆ ನನಗೆ ಯಾವತ್ತೂ ಸಂಶಯ ಬಂದದ್ದಿಲ್ಲ. ಐಟಿಐ ಫಿಟ್ಟರ್ ಪಾಸು, ಕೊಟ್ಟೂರಿನ ನೀರಿನ ಪಂಪ್‌ಹೌಸಿನಲ್ಲಿ ಸರ್ಕಾರಿ ಕೆಲಸ, ಹನ್ನೆರಡು ಸ್ಪ್ಯಾನರುಗಳ ಸ್ವಂತ ಸೆಟ್ಟು! ಇಷ್ಟೆಲ್ಲ ಇದ್ದವನು ಒಂದು ಹಳೇ ಡ್ರಮ್ಮಿಗೆ ಹೆದರಬೇಕೆ? ಹೆದರಬೇಕಿತ್ತು.

ಡ್ರಮ್ಮು ಅಪ್ಪನದು. ಬಳ್ಳಾರಿಯ ದಂಡಿನ ಹಳೇ ಸಾಮಾನಿನಲ್ಲಿ ಬಂದದ್ದು ಎಂದು ಹೇಳುತ್ತಿದ್ದ. ಹಿತ್ತಾಳೆಯ ಮೈ, ಮೇಲೊಂದು ಕೆಳಗೊಂದು ಬಳೆ, ಸುತ್ತ ಎಂಟು ತಿರುಪು. ಮೇಲಿನ ಚರ್ಮ ದಪ್ಪ, ಏಟು ಬೀಳುವುದು ಅದಕ್ಕೆ. ಕೆಳಗಿನದು ಈರುಳ್ಳಿ ಸಿಪ್ಪೆಯಷ್ಟು ತೆಳು, ಅದಕ್ಕೆ ಅಡ್ಡಲಾಗಿ ಸುರುಳಿ ತಂತಿಗಳ ಒಂದು ಪಟ್ಟಿ. ಪಕ್ಕದಲ್ಲಿ ಬೆರಳುದ್ದದ ಲೀವರು. ಅದನ್ನು ಮೇಲಕ್ಕೆತ್ತಿದರೆ ತಂತಿಗಳು ಚರ್ಮಕ್ಕೆ ಅಂಟಿಕೊಂಡು, ಒಂದೇಟಿಗೆ 'ಝರ್ರ್' ಎಂದು ಇಡೀ ಓಣಿಯೇ ನಕ್ಕಂತಾಗುತ್ತಿತ್ತು. ಇಳಿಸಿದರೆ ತಂತಿಗಳು ಚರ್ಮ ಬಿಟ್ಟು ಜೋತುಬಿದ್ದು, ಅದೇ ಡ್ರಮ್ಮು ಖಾಲಿ ಗುಡಾಣದ ಹಾಗೆ 'ಧಂ... ಧಂ...' ಎನ್ನುತ್ತಿತ್ತು. "ಮ್ಯಾಲ ಎತ್ತಿದ್ರ ಮದಿವಿ, ಕೆಳಗ ಇಳಿಸಿದ್ರ ಮಣ್ಣು" ಎಂಬುದು ಅಪ್ಪನ ಸಂಗೀತ ಶಾಸ್ತ್ರ. ಸತ್ತವರನ್ನು ಕಳಿಸುವುದಕ್ಕೆ ನಮ್ಮ ಕಡೆ ಮಣ್ಣು ಅಂತಲೇ ಹೇಳುವುದು.

ಮೂವತ್ತು ವರ್ಷ ಅಪ್ಪ ಬ್ಯಾಂಡ್ ಸೆಟ್ಟಿನಲ್ಲಿ ಇದನ್ನು ಬಾರಿಸಿದ. ಅವನ ಬಲಕ್ಕೆ ನಿಂತು ಕ್ಲಾರಿನೆಟ್ ಊದುತ್ತಿದ್ದವನು ಹಿರೇಹಡಗಲಿಯ ಭೀಮಪ್ಪ ಮಾಮ. ಅಪ್ಪ ಝರ್ರ್ ಅನ್ನಿಸಬೇಕು, ಮಾಮ ಹಾಡು ಎತ್ತಬೇಕು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ತಾವಿಬ್ಬರಿಲ್ಲದೆ ಯಾವ ಮದುಮಗನೂ ಕುದುರೆ ಹತ್ತಿದ್ದಿಲ್ಲ ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದರು. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಸವಿ ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು, ಹಿರೇಹಡಗಲಿಯಿಂದ ಒಂದು ಕಾರ್ಡು ಬಂತು. ಭೀಮಪ್ಪನಿಗೆ ಭಾಳ ಜಡ್ಡು, ಅನ್ನ ಬಿಟ್ಟಿದ್ದಾನೆ, ಬಂದು ನೋಡಿ ಹೋಗಿರಿ ಎಂದಿತ್ತು. ನಾನು ಓದಿ ಹೇಳಿದೆ. ಅಪ್ಪ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಡ್ರಮ್ಮು ನೋಡಿದ.

"ಡ್ರಮ್ಮು ಇಳಿಸಲೇ ಕೊಟ್ರ. ಲೀವರು ಬಿಗಿ ಆಗೇತಿ. ಒಂದು ಹನಿ ಎಣ್ಣಿ ಬಿಡು. ಮತ್ತೇನೂ ಮಾಡಬ್ಯಾಡ."

"ಜಡ್ಡಿನವರನ್ನ ನೋಡಾಕ ಹೋಗೂವಾಗ ಡ್ರಮ್ಮು ಯಾಕಪ್ಪಾ?"

"ಮಾತಾಗೇತಿ ನಮ್ದು. ಯಾರು ಮುಂದ ಹೊಕ್ಕಾರೋ ಅವರಿಗೆ ಉಳಿದಾವ ಬಾರಿಸ್ಬೇಕು. ನಾ ಹೋಗೂತನಕ ಜೀವ ಇತ್ತಂದ್ರ ಮ್ಯಾಲ ಎತ್ತಿ ಬಾರಿಸ್ತೀನಿ, ಎದ್ದು ಕುಂದ್ರತಾನ. ಇಲ್ಲಂದ್ರ..." ಅಪ್ಪ ಮುಖ ಒರೆಸಿಕೊಂಡ. "ಎರಡೂ ಕಡಿಗೆ ಆಡಬೇಕು ಲೀವರು. ತಿಳೀತಾ?"

ಅಪ್ಪ ಕೇಳಿದ್ದು ಒಂದು ಹನಿ ಎಣ್ಣೆ. ನಾನು ಕೈಗೊಂಡದ್ದು ಸಮಗ್ರ ದುರಸ್ತಿ ಕಾರ್ಯ! ಅಪ್ಪ ಪ್ರಯಾಣಕ್ಕೆಂದು ಕ್ಷೌರ ಮಾಡಿಸಿಕೊಳ್ಳಲು ಹೊರಟದ್ದೇ ತಡ, ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಹನ್ನೆರಡೂ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದೆ.

"ಮಾವ ಎಣ್ಣಿ ಬಿಡು ಅಂದ್ರು. ಬಿಟ್ಟು ಎತ್ತಿಡ್ರಿ," ಎಂದಳು ನನ್ನ ಹೆಂಡತಿ ಹನುಮಕ್ಕ.

"ಎಣ್ಣಿ ಮ್ಯಾಲ್ ಮ್ಯಾಲಿನ ಮಾತು. ರೋಗ ಒಳಗ ಇರ್ತೈತಿ," ಎಂದೆ, ದೊಡ್ಡ ಡಾಕ್ಟರರ ಗಾಂಭೀರ್ಯದಿಂದ.

ಲೀವರಿನ ತಿರುಪು ಬಿಚ್ಚಿದೆ. ಟಣ್! ಅಕ್ಕಿಕಾಳಿನಷ್ಟು ಸ್ಪ್ರಿಂಗೊಂದು ಹಾರಿ, ನನ್ನ ಹಣೆಗೆ ಬಡಿದು, ಬಚ್ಚಲ ಮೋರಿಗೆ ಬಿತ್ತು. ಅಂಗಿಯ ತೋಳು ಮಡಚಿ ಮೋರಿಯಲ್ಲಿ ಕೈಯಾಡಿಸಿದೆ. ಎರಡು ಗುಂಡಿ ಸಿಕ್ಕವು, ಒಂದು ಚಮಚ ಸಿಕ್ಕಿತು, ಹನುಮಕ್ಕ ಹೋದ ವರ್ಷ ಅತ್ತುಕರೆದು ಹುಡುಕಿದ್ದ ಮೂಗುತಿಯೂ ಸಿಕ್ಕಿತು. ಸ್ಪ್ರಿಂಗು ಸಿಗಲಿಲ್ಲ. ಇರಲಿ, ಫಿಟ್ಟರ್ ಎಂದ ಮೇಲೆ ಉಪಾಯವಿಲ್ಲವೆ? ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗನ್ನೇ ಕತ್ತರಿಸಿ ಕೂರಿಸಿದೆ. ಲೀವರು ಫಟ್ಟನೆ ಮೇಲೆದ್ದಿತು. ಎದ್ದದ್ದು ಇಳಿಯಲೊಲ್ಲದು! ಹೆಬ್ಬೆರಳಿಂದ ಒತ್ತಿದೆ. ಮೊಣಕಾಲಿಂದ ಒತ್ತಿದೆ. ಕೊನೆಗೆ ಸುತ್ತಿಗೆ ತೆಗೆದುಕೊಂಡು, ಬಹಳ ಮೆತ್ತಗೆ, ಒಂದೇ ಒಂದು ಏಟು ಹಾಕಿದೆ. ಒಳಗಿನ ಪಿನ್ನು ಮುರಿದು ಲೀವರು ನನ್ನ ಕೈಗೇ ಬಂತು.

"ರೋಗ ಹೊರಗ ಬಂತೇನ್ರಿ?" ಎಂದಳು ಹನುಮಕ್ಕ.

ಡ್ರಮ್ಮನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಮೌಲಾಸಾಬನ ವೆಲ್ಡಿಂಗ್ ಅಂಗಡಿಗೆ ಓಡಿದೆ. ಅವನು ತಿರುಗಿಸಿ ಮುರುಗಿಸಿ ನೋಡಿದ. "ಇಂಥಾ ಪಿನ್ನು ಇಲ್ಲೆಲ್ಲೂ ಸಿಗಂಗಿಲ್ಲ ಕೊಟ್ರೇಶಿ. ಬೆಸುಗಿ ಹಾಕಿಕೊಡ್ತೀನಿ. ಆದ್ರ ಆಮ್ಯಾಲ ಅದು ಅಲ್ಲಾಡಂಗಿಲ್ಲ. ಈಗ ಹೇಳು, ಮ್ಯಾಲೋ, ಕೆಳಗೋ?"

ಮೇಲೆ ಎಂದರೆ ಮಾಮ ಬದುಕಬೇಕು. ಕೆಳಗೆ ಎಂದರೆ... ಆ ಮಾತು ಬಾಯಿಗೆ ಬರಲಿಲ್ಲ. ಚಿಕ್ಕವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕ್ಲಾರಿನೆಟ್ ಊದಿದ ಮನುಷ್ಯ ಅವನು. ಅವನ ಸಾವನ್ನು ನಾನು ವೆಲ್ಡಿಂಗ್ ಅಂಗಡಿಯಲ್ಲಿ ನಿಂತು ಹೇಗೆ ಖಾಯಂ ಮಾಡಲಿ?

"ಮ್ಯಾಲ!" ಎಂದೆ. "ಗಟ್ಟಿ ಹಾಕು ಸಾಬ!"

ಗಟ್ಟಿಯಾಗಿಯೇ ಹಾಕಿದ. ನನ್ನ ಜೀವಮಾನದಲ್ಲಿ ನಾನು ಮಾಡಿಸಿದ ಗಟ್ಟಿ ಕೆಲಸ ಅದೊಂದೇ.

ಮನೆಗೆ ಬಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಸಿಟ್ಟೆ. ಅಪ್ಪ ನೋಡಿ, "ಮದುಮಗಳು ಆಗೇತಲ್ಲಲೇ!" ಎಂದು ನಕ್ಕ. ಕಾರ್ಡು ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಗುತ್ತಲೇ ಅವನ ಬೆರಳು ಲೀವರಿನ ಕಡೆ ಹೋಯಿತು.

"ಮುಟ್ಟಬ್ಯಾಡಪ್ಪಾ!" ಎಂದು ಚೀರಿದೆ. "ಹೊಸಾ ಗ್ರೀಸು ಹಚ್ಚೀನಿ. ಒಂದಿನ ಆರಬೇಕು."

ಗ್ರೀಸು ಆರುವ ವಸ್ತುವಲ್ಲ ಎಂದು ಐಟಿಐಯಲ್ಲಿ ಮೊದಲ ವಾರವೇ ಕಲಿಸುತ್ತಾರೆ. ಅಪ್ಪ ಐಟಿಐ ಓದಿರಲಿಲ್ಲ, ನಂಬಿದ. ಹನುಮಕ್ಕನೂ ಓದಿರಲಿಲ್ಲ, ನಂಬಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಅಪ್ಪ ಡ್ರಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಾಮನ ಮುಂದೆ ಮೊದಲು ಯಾವುದು ಬಾರಿಸಬೇಕು, ಆಮೇಲೆ ಯಾವುದು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿಯುತ್ತ, ಮಾಮನ ಜೀವವೊಂದು ಉಳಿಸಪ್ಪಾ, ಹಾಗೇ ನನ್ನದನ್ನೂ ಉಳಿಸು ಎಂದು ಬೇಡುತ್ತಿದ್ದೆ.

ಹಿರೇಹಡಗಲಿಯಲ್ಲಿ ಇಳಿದಾಗ ಓಣಿಯ ಆ ತುದಿಯಿಂದ ಹಲಗೆಯ ಸದ್ದು ಕೇಳಿತು. ಯಾವ ಬಡಿತ ಎಂದು ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹ್ವಾದ," ಎಂದ.

ಅವನ ಹೆಬ್ಬೆರಳು ತಾನಾಗಿಯೇ ಲೀವರಿಗೆ ಹೋಗಿ ಒತ್ತಿತು. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಒತ್ತಿದ.

"ಇನ್ನೂ ಆರಿಲ್ಲೇನಲೇ ನಿನ್ನ ಗ್ರೀಸು?"

"ಬೆಸುಗಿ ಹಾಕ್ಸೀನಪ್ಪಾ."

"ಯಾವ ಕಡಿಗೆ?"

"ಮದಿವಿ ಕಡಿಗೆ."

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, "ಮಾತು ಕೊಟ್ಟಿದ್ದೆ ಅವಗ," ಎಂದು ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಅತ್ತದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಏನಾದರೂ ಮಾಡಬೇಕೆಂದು, "ತಂತಿ ಕತ್ತರಿಸಿ ಒಗೀತೀನಪ್ಪಾ!" ಎಂದೆ.

"ಸುಮ್ನಿರಲೇ! ಒಂದಿನಕ್ಕ ಒಂದು ಹೆಣ ಸಾಕು."

ಆಮೇಲೆ ಹೆಗಲ ಟವೆಲು ತೆಗೆದು ಹಗ್ಗದ ಹಾಗೆ ಹೊಸೆದ. ಅದನ್ನು ತಂತಿಗೂ ಚರ್ಮಕ್ಕೂ ನಡುವೆ ತೂರಿಸಿ, ಎರಡೂ ತುದಿಗಳನ್ನು ನನ್ನ ಕೈಗೆ ಕೊಟ್ಟ. "ಕೆಳಕ್ಕ ಜಗ್ಗಿ ಹಿಡಿ. ತಂತಿ ಚರ್ಮ ಮುಟ್ಟಬಾರದು. ಮಣ್ಣು ಮುಗಿಯೂತನಕ ಬಿಡಬ್ಯಾಡ."

ಡ್ರಮ್ಮು ಅಪ್ಪನ ಎಡತೊಡೆಯ ಹತ್ತಿರ ತೂಗುತ್ತಿತ್ತು. ಹೀಗಾಗಿ ನಾನು ಸೊಂಟ ಮುರಿದುಕೊಂಡು ಬಗ್ಗಿ, ಅಪ್ಪನ ಮೊಣಕಾಲಿಗೆ ಮುಖ ಇಟ್ಟು, ಡ್ರಮ್ಮಿನಡಿ ಎರಡೂ ಕೈಯಿಂದ ಜಗ್ಗುತ್ತ, ಏಡಿಯ ಹಾಗೆ ಅಡ್ಡಡ್ಡ ನಡೆದುಕೊಂಡು, ಮಾಮನ ಮನೆಯಿಂದ ಊರಾಚೆಗಿನ ಮಣ್ಣಿನ ಜಾಗದವರೆಗೆ ಶವಯಾತ್ರೆಯಲ್ಲಿ ಪಾಲ್ಗೊಂಡೆ. ಮೇಲೆ ಅಪ್ಪ 'ಧಂ... ಧಂ...' ಎನ್ನಿಸುತ್ತಿದ್ದ. ಸರಿಯಾಗಿತ್ತು, ಗುಡಾಣದ ಸದ್ದೇ.

"ನೋಡವ್ವಾ, ಸ್ವಂತ ಮಕ್ಕಳಿಗಿಂತ ಹೆಚ್ಚು ಸಂಕಟ ಪಡಾಕತ್ತಾನ. ಸೊಂಟಾನ ಎತ್ತವಲ್ಲ," ಎಂದು ಹೆಂಗಸರು ಮಾತಾಡಿಕೊಂಡರು. ಯಾರೋ ಹಿರಿಯರು ನನ್ನ ಬೆನ್ನು ಸವರಿ, "ಧೈರ್ಯ ತಗಾ ತಮ್ಮಾ," ಎಂದರು. ನನಗೆ ನಿಜವಾಗಿಯೂ ಅಳು ಬರುತ್ತಿತ್ತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಕಣ್ಣು, ಮೂಗು ಎರಡೂ ಸೋರುತ್ತಿದ್ದವು, ಟವೆಲು ನೋಡಿದರೆ ಡ್ಯೂಟಿಯ ಮೇಲಿತ್ತು.

ಹಳ್ಳ ಇಳಿಯುವಲ್ಲಿ ಕಾಲಡಿಯ ಕಲ್ಲು ಉರುಳಿತು. ನಾನು ಮುಗ್ಗರಿಸಿದೆ, ಟವೆಲು ಜಾರಿತು. ಅದೇ ಹೊತ್ತಿಗೆ ಎರಡೂ ಕೋಲು ಚರ್ಮದ ಮೇಲೆ ಬಿದ್ದವು.

ಝರ್ರ್‌ರ್‌ರ್!

ಹಲಗೆ ನಿಂತಿತು. ಹೊತ್ತವರು ನಿಂತರು. ಜನರೆಲ್ಲ ತಿರುಗಿ ನೋಡಿದರು. ನಾನು ಕೆಳಗೆ ಬಿದ್ದಲ್ಲಿಂದಲೇ ಹೆದರಿ ಅಪ್ಪನ ಮುಖ ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ. ಕೋಲುಗಳನ್ನು ಎತ್ತಿ ಹಿಡಿದು, ಕತ್ತನ್ನು ಬಲಕ್ಕೆ ತಿರುಗಿಸಿ, ಕಿವಿಗೊಟ್ಟು ನಿಂತಿದ್ದ. ಮೂವತ್ತು ವರ್ಷ ಆ ಸದ್ದಿನ ಬೆನ್ನಿಗೇ ಆ ಕಡೆಯಿಂದ ಕ್ಲಾರಿನೆಟ್ ಎದ್ದಿತ್ತು. ಅಪ್ಪ ಅದಕ್ಕೆ ಕಾಯುತ್ತಿದ್ದ. ಮಾಮ ನಾಲ್ಕು ಹೆಜ್ಜೆ ಮುಂದೆ ಹೂವಿನೊಳಗೆ ಮಲಗಿದ್ದ.

ಆಮೇಲೆ ನೆನಪಾಗಿರಬೇಕು. ಕೈಗಳು ಇಳಿದವು.

"ಹಿಡಿಯಲೇ," ಎಂದ, ನನಗೊಬ್ಬನಿಗೇ ಕೇಳುವಷ್ಟು ಮೆತ್ತಗೆ. ಟವೆಲು ಹಿಡಿದೆ.

ಮಣ್ಣು ಮುಗಿಸಿ, ಸ್ನಾನ ಮಾಡಿ, ಮಧ್ಯಾಹ್ನದ ಬಸ್ಸು ಹಿಡಿದೆವು. ಅಪ್ಪ ಡ್ರಮ್ಮನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ನನಗೆ ತಡೆಯಲಾಗಲಿಲ್ಲ.

"ನಾಳೇನ ಆ ಬೆಸುಗಿ ಬಿಡಿಸ್ತೀನಪ್ಪಾ. ದಾವಣಗೆರೆಗೆ ಹೋಗಿ ಪಿನ್ನು ಮಾಡ್ಸಿಕೊಂಡು ಬರ್ತೀನಿ. ನಿನ್ನ ಸರ್ತಿಗೆ..." ಎಂದವನು ಏನು ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡೆ.

"ನನ್ನ ಸರ್ತಿಗೆ ಲೀವರು ಇಳೀತೈತಿ ಅಂತ ಇಟ್ಕೋ," ಎಂದ ಅಪ್ಪ. "ಬಾರಿಸೋರು ಯಾರು?"

ನಾನು ಹುಟ್ಟಿದಾಗಿನಿಂದ ಆ ಡ್ರಮ್ಮು ನಮ್ಮ ಮನೆಯಲ್ಲೇ ಇತ್ತು. ಒಂದು ದಿನವೂ ನಾನು ಅದರ ಕೋಲು ಮುಟ್ಟಿರಲಿಲ್ಲ. ಡ್ರಮ್ಮು ಮುಟ್ಟಿದ್ದೇ ಸ್ಪ್ಯಾನರು ಹಿಡಿದುಕೊಂಡು, ಅದೂ ಒಂದೇ ಸಲ.

"ನಾ ಅದೀನಲ್ಲಪ್ಪಾ," ಎಂದೆ.

ಅಪ್ಪ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದ. ಟವೆಲು ಜಗ್ಗಿ ಜಗ್ಗಿ ಕೆಂಪು ಬರೆ ಎದ್ದಿದ್ದವು.

"ನೀ ಟವೆಲ್ ಹಿಡಿಯಾಕ ಕಲ್ತಿ," ಎಂದ. "ಅದೂ ಪೂರ್ತಿ ಬರವಲ್ದು."