ಯಾರು ಬೇಕಾದರೂ ಬರೆಯಬಹುದು

ಫರ್ಹಾನ ಆ ಕೊನೆಯ ಸಾಲೊಂದನ್ನು ಬರೆಯದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಅವಳು ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ, ಬೀಯಮ್ಮನ ಟೈಲರಿಂಗ್ ಅಂಗಡಿಯ ಮಹಡಿಯ ಮೇಲೆ, ಚಿನ್ನಯ್ಯ ಎಂಬವರು ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಟೀಚರು. ಬೆಳಿಗ್ಗೆ ಪಿಯುಸಿ ಮಕ್ಕಳಿಗೆ ಟೈಪಿಂಗ್, ಮಧ್ಯಾಹ್ನ ಗಲ್ಫಿಗೆ ಹೊರಟವರಿಗೆ ಎಕ್ಸೆಲ್, ನಡುವೆ ಬಿಡುವು ಸಿಕ್ಕಿದರೆ ‘ಓಲೆ’ಯ ಕೆಲಸ. ಓಲೆ ಎಂದರೆ ಕನ್ನಡದಲ್ಲಿ ಪತ್ರ, ಅರ್ಜಿ ಬರೆಯಲಿಕ್ಕೆ ಬೇರೆ ಬೇರೆ ಊರಿನ ಹವ್ಯಾಸಿಗಳು ಸೇರಿ ಕಟ್ಟಿದ ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಸಹಾಯ ಪುಟಗಳನ್ನು ಮಾತ್ರ ಯಾರಿಗೂ ಬರೆಯಲಿಕ್ಕೆ ಆಗುತ್ತಿರಲಿಲ್ಲ.

ಯಾಕೆಂದರೆ ಒಂದು ಪದ ದಪ್ಪಗಾಗಬೇಕಾದರೆ ಅದರ ಎಡಕ್ಕೆ ಮೂರು ನಕ್ಷತ್ರ, ಬಲಕ್ಕೆ ಮೂರು ನಕ್ಷತ್ರ ಟೈಪು ಮಾಡಬೇಕು. ಚಿತ್ರ ಹಾಕಬೇಕಾದರೆ ಎರಡು ಬಗೆಯ ಬ್ರಾಕೆಟು, ನಡುವೆ ಒಂದು ಗೀಟು. ಒಂದು ಬ್ರಾಕೆಟು ತಪ್ಪಿದರೂ ಇಡೀ ಪುಟ ಮಳೆಗೆ ಸಿಕ್ಕಿದ ಹಪ್ಪಳದ ಹಾಗೆ ಮುದ್ದೆ. ಫರ್ಹಾನ ವರ್ಷವಿಡೀ ಕೂತು ಇದಕ್ಕೊಂದು ಎಡಿಟರ್ ಮಾಡಿದಳು. ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಎದುರಿಗೆ ಖಾಲಿ ಹಾಳೆ, ಮೇಲೆ ಕೆಲವು ಗುಂಡಿಗಳು. ಹೇಗೆ ಕಾಣಬೇಕೋ ಹಾಗೆಯೇ ಬರೆಯುವುದು. ನಕ್ಷತ್ರ, ಬ್ರಾಕೆಟು ಎಲ್ಲ ಎಡಿಟರೇ ಹಿಂದಿನಿಂದ ಹಾಕಿಕೊಳ್ಳುತ್ತದೆ.

ಓಲೆ ಬಳಗದವರು ಮಾತಾಡಿಕೊಳ್ಳುವ ಮೈಲಿಂಗ್ ಲಿಸ್ಟಿಗೆ ಅವಳು ಈ ಸಂಗತಿ ಬರೆದಳು. ಸಹಾಯ ಪುಟಗಳ ಉಸ್ತುವಾರಿ ಮೂಡಬಿದ್ರೆ ಕಡೆಯ ಮಿಜಾರಿನ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿದ್ದ ಉಜ್ವಲನದ್ದು. ಅವನಿಂದ ಒಂದೇ ಸಾಲಿನ ಉತ್ತರ ಬಂತು: “ನಾಲ್ಕು ಗುರುತು ಕಲಿಯಲಾಗದವರು ಸಹಾಯ ಪುಟ ಬರೆಯಲೇಬೇಕೆಂದೇನೂ ಇಲ್ಲ.”

ಫರ್ಹಾನಳಿಗೆ ಮಂಡೆ ಬೆಚ್ಚ ಆಯಿತು. “ಗುರುತು ಕಲಿತವರಿಗೆ ಸಹಾಯ ಯಾಕೆ ಬೇಕು? ಶನಿವಾರ ಗುರುವಾಯನಕೆರೆಗೆ ಬನ್ನಿ. ದಾರಿಯಲ್ಲಿ ಹೋಗುವ ಯಾರನ್ನು ಬೇಕಾದರೂ ಹಿಡಿದು ಕೂರಿಸಿ. ಸಂಜೆಯೊಳಗೆ ಅವರು ಒಂದು ಪುಟ ಬರೆಯುತ್ತಾರೆ” ಎಂದು ಬರೆದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. “ಬರೆಯದಿದ್ದರೆ ಓಲೆಯ ಅಷ್ಟೂ ಸಹಾಯ ಪುಟಗಳನ್ನು ನಿಮ್ಮ ನಕ್ಷತ್ರ ಹಾಕಿ ನಾನೊಬ್ಬಳೇ ಬರೆದುಕೊಡುತ್ತೇನೆ” ಎಂದು ಸೇರಿಸಿ ಕಳಿಸಿಯೇಬಿಟ್ಟಳು.

ಚಿನ್ನಯ್ಯ ತಲೆ ಮೇಲೆ ಕೈ ಇಟ್ಟುಕೊಂಡರು. “ಅಷ್ಟೂ ಅಂದ್ರೆ ಎಷ್ಟು ಮಾರಾಯ್ತಿ?”

“ಇನ್ನೂರರ ಮೇಲುಂಟು.”

“ನಿನಗೆ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುವಾಗ ಮುಗಿಯಬಹುದು.”

“ಸೋತರೆ ಅಲ್ವಾ, ಚಿನ್ನಯ್ಯಣ್ಣ? ನಾನು ಸೋಲುವುದಿಲ್ಲ.”

ಶನಿವಾರ ಬೆಳಿಗ್ಗೆ ಮೂಡಬಿದ್ರೆ ಕಡೆಯ ಬಸ್ಸಿನಿಂದ ಉಜ್ವಲ ಇಳಿದ. ಸಪೂರ ಆಳು, ಕಣ್ಣಿನ ಕೆಳಗೆ ಕಪ್ಪು, ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ಜಗಳಕ್ಕೆ ಬಂದವನ ಹಾಗೆ ಕಾಣಲಿಲ್ಲ. ಎಡಿಟರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ಎಂಥದೋ ಹೆದರಿಕೆ.

“ಇಷ್ಟು ಸುಲಭ ಮಾಡಿದ್ರೆ ಎಲ್ರೂ ಬರೀತಾರೆ” ಎಂದ.

“ಬರೀಲಿ. ಅದಕ್ಕೇ ಮಾಡಿದ್ದು.”

“ಹಾಗಾದ್ರೆ ಕರಾರು ಕೇಳಿ. ‘ಪತ್ರ ಪ್ರಿಂಟ್ ಮಾಡುವುದು ಹೇಗೆ’ ಅಂತ ಒಂದು ಪುಟ. ಚಿತ್ರವೂ ಬೇಕು. ಬರೆಯುವವರ ಕೀಬೋರ್ಡು, ಮೌಸು ನೀವು ಮುಟ್ಟುವ ಹಾಗಿಲ್ಲ. ನನ್ನ ಸಂಜೆಯ ಬಸ್ಸು ಬರುವುದರೊಳಗೆ ಆಗಬೇಕು.”

“ಆಯ್ತು. ಹಿಡಿದುಕೊಂಡು ಬನ್ನಿ ಯಾರನ್ನಾದ್ರೂ.”

ಉಜ್ವಲ ಕೆಳಗಿಳಿದು ರಸ್ತೆಗೆ ಹೋದ. ಫರ್ಹಾನ ಕಿಟಕಿಯಿಂದ ನೋಡುತ್ತಿದ್ದಳು. ಕಾಲೇಜು ಹುಡುಗಿಯರು ದಾಟಿದರು, ಅವನು ಬಿಟ್ಟ. ಬ್ಯಾಂಕಿನ ಗುಮಾಸ್ತರು ದಾಟಿದರು, ಬಿಟ್ಟ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಹೋಟೆಲಿನ ಬೋರ್ಡಿನ ಎದುರು ನಿಂತು ‘ಶುದ್ದ ಸಸ್ಯಾಹಾರಿ’ಯ ‘ದ್ದ’ವನ್ನು ಕೊಡೆಯ ತುದಿಯಿಂದ ಕುಟ್ಟುತ್ತಿದ್ದ ಮುದುಕರೊಬ್ಬರು ಅವನಿಗೆ ಕಂಡರು.

“ಯಾ ಅಲ್ಲಾಹ್” ಎಂದಳು ಫರ್ಹಾನ. “ಅವರೊಬ್ಬರು ಬೇಡ.”

ಅವರು ಸಂಕಪ್ಪ ಮಾಸ್ಟ್ರು. ನಿವೃತ್ತ ಕನ್ನಡ ಪಂಡಿತರು. ತನ್ನ ಮಗಳ ಮದುವೆಯ ಕಾಗದದಲ್ಲಿ ಅಚ್ಚಿನ ತಪ್ಪು ಕಂಡು ಮದುವೆಯನ್ನೇ ಒಂದು ವಾರ ಮುಂದೂಡಿದವರು ಎಂದು ಊರಲ್ಲಿ ಪ್ರತೀತಿ.

ಮಾಸ್ಟ್ರು ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತರು. ಮೌಸನ್ನು ಅಂಗೈಯಲ್ಲಿ ಎತ್ತಿ ಅಡಿಮೇಲು ಮಾಡಿ ನೋಡಿದರು. “ನನಗೆ ಮೊಮ್ಮಗಳು ಟೈಪು ಮಾಡಲಿಕ್ಕೆ ಸ್ವಲ್ಪ ಕಲಿಸಿದ್ದಾಳೆ. ಈ ನಕ್ಷತ್ರ ಗಿಕ್ಷತ್ರ ಎಲ್ಲ ಗೊತ್ತಿಲ್ಲ.”

“ಅದೇ ಬೇಕಾದ್ದು” ಎಂದ ಉಜ್ವಲ, ಖುಷಿಯಿಂದ.

ಮಾಸ್ಟ್ರು ಬರೆಯಲಾರಂಭಿಸಿದರು. ಕೋಳಿ ಅಕ್ಕಿ ಹೆಕ್ಕಿದ ಹಾಗೆ ಒಂದೇ ಬೆರಳು. ಒಂದು ಅಕ್ಷರ ಹೆಕ್ಕಿ ತಲೆ ಎತ್ತಿ ನೋಡುವುದು, ಮತ್ತೊಂದು ಹೆಕ್ಕುವುದು. ಆದರೆ ಬರುತ್ತಿತ್ತು. ಶೀರ್ಷಿಕೆ ಬಂತು. ಗುಂಡಿ ಒತ್ತಿದರು, ಶೀರ್ಷಿಕೆ ದಪ್ಪವಾಯಿತು. “ಓಹೋ!” ಎಂದರು ಮಾಸ್ಟ್ರು. ಆ ‘ಓಹೋ’ ಕೇಳಿ ಫರ್ಹಾನಳಿಗೆ ಅರ್ಧ ಗೆದ್ದ ಹಾಗಾಯಿತು.

ಅಷ್ಟರಲ್ಲಿ ‘ಕ್ಲಿಕ್ ಮಾಡಿ’ ಎಂಬಲ್ಲಿಗೆ ಬಂದು ಬೆರಳು ನಿಂತಿತು.

“ಕ್ಲಿಕ್ ಕನ್ನಡ ಅಲ್ಲ.”

“ಎಲ್ರೂ ಹಾಗೇ ಹೇಳುವುದು, ಮಾಸ್ಟ್ರೇ.”

“ಎಲ್ಲರೂ ತಪ್ಪು ಹೇಳಿದರೆ ಅದು ಸರಿ ಆಗುತ್ತದಾ? ‘ಕುಟುಕಿ’ ಅಂತ ಹಾಕುವ.”

“ಕುಟುಕಲಿಕ್ಕೆ ಅದೆಂತ ಚೇಳಾ?” ಎಂದರು ಬಾಗಿಲಲ್ಲಿ ನಿಂತಿದ್ದ ಚಿನ್ನಯ್ಯ.

ವಾದ ಶುರುವಾಯಿತು. ಗಲಾಟೆ ಕೇಳಿ ಕೆಳಗಿನಿಂದ ಬೀಯಮ್ಮ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಮೇಲೆ ಬಂದಳು. ಪರದೆಯನ್ನು ದೂರದಿಂದ ನೋಡಿ, “ಎಂತ ಮಗಳೇ, ಇಷ್ಟು ಬೋಳು? ತಲೆಬರಹಕ್ಕೆ ಮೆರೂನ್ ಕೊಡಿ. ಕೆಳಗೆ ಒಂದು ಬಾರ್ಡರ್ ಬೇಡ್ವಾ?” ಎಂದಳು.

“ಮಾಮಿ, ಇದು ಸೀರೆ ಅಲ್ಲ” ಎಂದಳು ಫರ್ಹಾನ.

ಮಾಸ್ಟ್ರಿಗೆ ಮಾತ್ರ ಬಣ್ಣದ ಗುಂಡಿ ಎಲ್ಲಿದೆಯೆಂದು ಈಗ ತಿಳಿದುಹೋಯಿತು. ಕರ್ತೃಪದಕ್ಕೆಲ್ಲ ಕೆಂಪು, ಕ್ರಿಯಾಪದಕ್ಕೆಲ್ಲ ಹಸಿರು ಬಳಿದರು. ಪುಟ ಯಕ್ಷಗಾನದ ವೇಷದ ಹಾಗೆ ಎದ್ದು ನಿಂತಿತು. ಉಜ್ವಲ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದ. ನಗುತ್ತಿದ್ದ.

ಬಣ್ಣ ಎಷ್ಟಿದ್ದರೂ ಪುಟ ಪುಟವೇ ಎಂದು ಫರ್ಹಾನ ತನಗೆ ತಾನೇ ಹೇಳಿಕೊಂಡಳು.

ಇನ್ನೇನು ಅರ್ಧ ಮುಗಿಯಿತೆನ್ನುವಾಗ ಮಾಸ್ಟ್ರು ಒಂದು ಅಕ್ಷರ ಅಳಿಸಲಿಕ್ಕೆ ಬ್ಯಾಕ್‌ಸ್ಪೇಸ್ ಒತ್ತಿದರು. ಕರ್ಸರು ಹಾಳೆಯ ಹೊರಗಿತ್ತು. ಸೆಂಟರಿನ ಹಳೇ ಬ್ರೌಸರು ಅದನ್ನು ‘ಹಿಂದೆ ಹೋಗು’ ಎಂದು ತಿಳಿದುಕೊಂಡು ನೆಟ್ಟಗೆ ಹಿಂದಿನ ಪುಟಕ್ಕೆ ಹೋಯಿತು. ಬರೆದದ್ದೆಲ್ಲ ಮಾಯ.

ಮಾಸ್ಟ್ರು ಬಗ್ಗಿ ಪರದೆಯ ಹಿಂದೆ ಹುಡುಕಿದರು.

“ನಾನು ಒಂದಕ್ಷರ ಅಳಿಸಿದ್ದು” ಎಂದರು ಮಾಸ್ಟ್ರು. “ಇದು ನನ್ನನ್ನೇ ಅಳಿಸಿತು.”

ಉಜ್ವಲ ಚೀಲ ಎತ್ತಿಕೊಂಡ. “ಪರವಾಗಿಲ್ಲ ಫರ್ಹಾನ. ಪ್ರಯತ್ನ ಒಳ್ಳೆಯದಿತ್ತು.”

“ಚೀಲ ಕೆಳಗಿಡಿ” ಎಂದಳು ಫರ್ಹಾನ. ಅವಳ ಕಿವಿ ಕೆಂಪಾಗಿತ್ತು. “ಸಂಜೆ ಆಗ್ಲಿಲ್ಲ ಇನ್ನೂ. ಮಾಸ್ಟ್ರ ಕೀಬೋರ್ಡು ಮುಟ್ಟಬಾರದು ಅಂದ್ರಿ. ನನ್ನದು ಮುಟ್ಟಬಾರದು ಅಂತ ಹೇಳ್ಲಿಲ್ಲ.”

ಪಕ್ಕದ ಕಂಪ್ಯೂಟರಿನಲ್ಲಿ ಕೂತಳು. ಹಿಂದಿನಿಂದ ಮೂರು ಜನ ಮೂರು ಬಗೆಯ ಬುದ್ಧಿ ಹೇಳುತ್ತಿದ್ದರು. ಚಿನ್ನಯ್ಯ ಆ ಕೀಯನ್ನೇ ಕಿತ್ತುಹಾಕುವ ಎಂದರು. ಬೀಯಮ್ಮ ಅದರ ಮೇಲೆ ಬಟ್ಟೆ ಹೊಲಿದು ಕೊಡ್ತೇನೆ ಎಂದಳು. ಮಾಸ್ಟ್ರು ಬ್ಯಾಕ್‌ಸ್ಪೇಸಿಗೆ ಕನ್ನಡ ಪದ ಇಲ್ಲದಿರುವುದೇ ಎಲ್ಲಕ್ಕೂ ಮೂಲ ಎಂದರು. ಚಾ ಆರುವಷ್ಟರಲ್ಲಿ ಫರ್ಹಾನ ಆ ತೂತು ಮುಚ್ಚಿ ಎದ್ದಳು.

“ಮಾಸ್ಟ್ರೇ, ಇನ್ನೊಮ್ಮೆ ಬರೀರಿ.”

“ಬರೆಯುವುದಿಲ್ಲ.”

“ಹಾಗಾದ್ರೆ ನಾಳೆಯಿಂದ ಇವರ ಕಾಲೇಜಿನವರು ಬರೆದದ್ದನ್ನೇ ನೀವು ಓದಬೇಕು. ‘ಶುದ್ದ’ಕ್ಕೆ ಮಹಾಪ್ರಾಣ ಇಲ್ಲದ ಪುಟಗಳು.”

ಮಾಸ್ಟ್ರು ಕನ್ನಡಕ ಏರಿಸಿ ಕುರ್ಚಿ ಮುಂದಕ್ಕೆಳೆದರು.

ಎರಡನೆಯ ಸಲ ಬೆರಳು ಚುರುಕಾಗಿತ್ತು. ಚಿನ್ನಯ್ಯ ಪ್ರಿಂಟರಿನ ಫೋಟೋ ತೆಗೆದುಕೊಟ್ಟರು. ಚಿತ್ರದ ಮೂಲೆಯಲ್ಲಿ ಸೆಂಟರಿನ ಬೋರ್ಡು, ಫೋನ್ ನಂಬರ್ ಸಮೇತ ಸಮಾ ಬಿದ್ದಿತ್ತು. ಆಮೇಲೆ ತನ್ನ ಪ್ರಿಂಟರಿನ ಎಡಬದಿಗೆ ಒಮ್ಮೆ ತಟ್ಟದಿದ್ದರೆ ಕಾಗದ ಹೊರಗೆ ಬರುವುದಿಲ್ಲ, ಅದನ್ನೂ ಬರೆಯಬೇಕೆಂದು ಹಠ ಹಿಡಿದರು. ಬೀಯಮ್ಮ ತಲೆಬರಹಕ್ಕೆ ಮೆರೂನ್ ಆಗುವ ತನಕ ಕೆಳಗೆ ಹೋಗಲಿಲ್ಲ. ಕೊನೆಯ ವಾಕ್ಯ ಒಂದು ಬಾಕಿ ಇತ್ತು.

ಆಗ ಕರೆಂಟು ಹೋಯಿತು.

ಯುಪಿಎಸ್ಸು ಕಟ್ಟಿಹಾಕಿದ ಆಡಿನಮರಿಯ ಹಾಗೆ ಅರಚಲಾರಂಭಿಸಿತು. ಅದರ ಬ್ಯಾಟರಿ ಹಳತು. ಎರಡು ನಿಮಿಷ ತಡೆದರೆ ಪುಣ್ಯ.

“ಮಾಸ್ಟ್ರೇ, ‘ಉಳಿಸು’ ಒತ್ತಿ!” ಎಂದು ಕೂಗಿದಳು ಫರ್ಹಾನ.

“ವಾಕ್ಯ ಮುಗಿಯಲಿಲ್ಲ. ಕ್ರಿಯಾಪದ ಇಲ್ಲದ ವಾಕ್ಯ ಉಳಿಸಿದರೆ ಎಷ್ಟು, ಬಿಟ್ಟರೆ ಎಷ್ಟು? ‘ಮುದ್ರಿಸಬಹುದು’ ಅಂತಲಾ, ‘ಮುದ್ರಿಸತಕ್ಕದ್ದು’ ಅಂತಲಾ?”

“ಎಂತದಾದ್ರೂ ಹಾಕಿ ಮಾರಾಯ್ರೆ!” ಎಂದರು ಚಿನ್ನಯ್ಯ.

“ತಕ್ಕದ್ದು!” ಎಂದಳು ಫರ್ಹಾನ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ತಾವಾಗಿಯೇ ಮೌಸಿನ ಕಡೆ ಓಡದಿರಲಿ ಎಂದು.

“ತಕ್ಕದ್ದು ಅಂದರೆ ಆಜ್ಞೆ ಆಗುತ್ತದೆ. ಬಹುದು ಒಳ್ಳೆಯದು” ಎಂದ ಮಾಸ್ಟ್ರು ‘ಮು’ ಹೆಕ್ಕಿದರು. ‘ದ್ರಿ’ ಹೆಕ್ಕಿದರು. ಆಡಿನಮರಿಯ ದನಿ ಕೀರಲಾಯಿತು. ಮಾಸ್ಟ್ರು ‘ದು’ ಮುಗಿಸಿ, ಪೂರ್ಣವಿರಾಮ ಇಟ್ಟು, ಅದನ್ನೊಮ್ಮೆ ತೃಪ್ತಿಯಿಂದ ನೋಡಿ, ‘ಉಳಿಸು’ ಒತ್ತಿದರು. ಪರದೆ ಕಪ್ಪಾಯಿತು.

ಉಳಿಯಿತೋ ಹೋಯಿತೋ ಗೊತ್ತಿಲ್ಲ. ಸೆಕೆಗೆ ಬೆವರುತ್ತ ಎಲ್ಲರೂ ಕೂತರು. ಬೀಯಮ್ಮ ಹರಕೆ ಹೇಳಿಕೊಳ್ಳುತ್ತಿದ್ದಳು. ಫರ್ಹಾನ ಕಪ್ಪು ಪರದೆಯನ್ನು ದುರುಗುಟ್ಟಿ ನೋಡುತ್ತಿದ್ದಳು, ಅದು ತನ್ನ ಎದುರು ಧೈರ್ಯ ತೋರಿಸಲಿ ನೋಡುವ ಎನ್ನುವ ಹಾಗೆ.

ಹೊತ್ತು ಇಳಿಯುವಾಗ ಕರೆಂಟು ಬಂತು. ಕಂಪ್ಯೂಟರು ನಿಧಾನಕ್ಕೆ ಎದ್ದಿತು. ಬ್ರೌಸರು ತೆರೆಯಿತು. ಮೆರೂನ್ ತಲೆಬರಹ, ಕೆಂಪು ಕರ್ತೃ, ಹಸಿರು ಕ್ರಿಯೆ, ಪ್ರಿಂಟರಿನ ಚಿತ್ರ, ಕೊನೆಯಲ್ಲಿ ‘ಮುದ್ರಿಸಬಹುದು’, ಅದರ ಮುಂದೆ ಪೂರ್ಣವಿರಾಮ.

ಫರ್ಹಾನ ಕುಣಿಯಲಿಲ್ಲ. ಉಜ್ವಲನ ಕಡೆ ತಿರುಗಿ, “ನೋಡಿ” ಎಂದಳು, ಅಷ್ಟೇ.

ಉಜ್ವಲ ಪುಟವನ್ನು ಪೂರ್ತಿ ಓದಿದ. “ಒಪ್ಪಿದೆ. ನೀವು ಗೆದ್ರಿ” ಎಂದ. ಅಲ್ಲೇ ಕೂತು ಲಿಸ್ಟಿಗೆ ಬರೆದ: ಓಲೆಯ ಸಹಾಯ ಪುಟಗಳಿಗೆ ಇನ್ನು ಮುಂದೆ ಫರ್ಹಾನಳ ಎಡಿಟರು, ಗುರುತು ಏನೂ ಬೇಡ, ಯಾರು ಬೇಕಾದರೂ ಬರೆಯಬಹುದು, ಕೊಂಡಿ ಕೆಳಗಿದೆ. ಸೋತವನಿಗೆ ಇರಬೇಕಾದ ಮುಖವೇ ಅವನಿಗಿರಲಿಲ್ಲ. ಚಿನ್ನಯ್ಯ ತರಿಸಿದ ಗೋಳಿಬಜೆಯನ್ನು ಮದುವೆ ಮನೆಗೆ ಬಂದವನ ಹಾಗೆ ತಿಂದ.

ಬಜೆ ಮುಗಿಯುವುದರೊಳಗೆ ಮೊದಲ ಪುಟ ಬಂತು, ಬಂಟ್ವಾಳದಿಂದ. ಹಿಂದೆಯೇ ಪಾಣೆಮಂಗಳೂರು. ಆಮೇಲೆ ಗಲ್ಫಿನ ದಮಾಮಿನಿಂದ ಒಬ್ಬರು, ಶಿವಮೊಗ್ಗದಿಂದ ಇಬ್ಬರು. ಒಬ್ಬರು ಅರ್ಜಿ ಬರೆಯುವ ಕ್ರಮ ಬರೆದಿದ್ದರು, ಇನ್ನೊಬ್ಬರು ಬರೇ ‘ಟೆಸ್ಟ್ ಟೆಸ್ಟ್’. ಮತ್ತೊಬ್ಬರು ಅಕ್ಷರ ದೊಡ್ಡದು ಮಾಡುವುದು ಹೇಗೆಂದು ಶುರುಮಾಡಿ, ನಡುವೆ ಅತ್ತೆಯ ಮೇಲೆ ಒಂದು ಚುಟುಕ ಹಾಕಿದ್ದರು. ನೋಡುತ್ತಿದ್ದಂತೆ ಪರದೆಯ ಕೆಳತುದಿ ದಾಟಿ ಪುಟಗಳು ಹರಿಯಲಾರಂಭಿಸಿದವು.

“ನೋಡಿದ್ರಾ!” ಎಂದಳು ಫರ್ಹಾನ. ಅವಳ ಕಣ್ಣಲ್ಲಿ ನೀರಿತ್ತು. “ಇವರಿಗೆಲ್ಲ ಬರೆಯಲಿಕ್ಕೆ ಇತ್ತು. ನೀವು ಬಿಡ್ಲಿಲ್ಲ.”

“ಹೌದು” ಎಂದ ಉಜ್ವಲ. ಕೈ ಒರೆಸಿಕೊಂಡ. “ಓಲೆಯ ನಿಯಮ ಗೊತ್ತುಂಟಲ್ಲ? ಒಬ್ಬರು ಓದಿ, ತಿದ್ದಿ, ಒಪ್ಪದೆ ಯಾವ ಪುಟವೂ ಹೊರಗೆ ಹೋಗುವ ಹಾಗಿಲ್ಲ.”

“ಗೊತ್ತುಂಟು.”

“ಆ ಒಬ್ಬ ಯಾರು ಅಂತ ಗೊತ್ತುಂಟಾ?”

ಫರ್ಹಾನ ಅವನ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದಳು.

“ಶುರುವಿಗೆ ನಾನೂ ಎಲ್ರಿಗೂ ತೆರೆದೇ ಇಟ್ಟಿದ್ದೆ” ಎಂದ ಉಜ್ವಲ. “ಮಿಂಚಂಚೆಯಲ್ಲಿ ಕಳಿಸಿ ಅಂತ ಹೇಳಿದ್ದೆ. ರಾಶಿ ರಾಶಿ ಬಂತು. ಊಟ ಇಲ್ಲ, ನಿದ್ದೆ ಇಲ್ಲ. ನೋಡ್ಲಿಕ್ಕೆ ಹೋದ ಹುಡುಗಿಯ ಮನೆಯಲ್ಲೂ ಲ್ಯಾಪ್‌ಟಾಪ್ ತೆರೆದು ಕೂತೆ. ಅವರು ಬೇರೆ ಗಂಡು ನೋಡಿದ್ರು. ಆಮೇಲೆ ಆ ನಕ್ಷತ್ರ, ಬ್ರಾಕೆಟು ತಂದೆ. ಅದು ಗುರುತು ಅಲ್ಲ ಮಾರಾಯ್ರೆ, ಬೇಲಿ. ಅದಾದ ಮೇಲೆ ತಿಂಗಳಿಗೆ ಒಂದು ಪುಟ ಬಂದ್ರೆ ಹೆಚ್ಚು. ಈಗ ಬೇಲಿ ನೀವು ಕಿತ್ತಿದ್ದೀರಿ. ಆಗ ಲಿಸ್ಟಿಗೆ ಬರೆದದ್ದರ ಕೊನೆಯಲ್ಲಿ ಉಸ್ತುವಾರಿಗೆ ನಿಮ್ಮ ಹೆಸರೂ ಹಾಕಿದ್ದೇನೆ. ಎಲ್ರೂ ಒಪ್ಪಿಯೂ ಆಯ್ತು.”

ಚಿನ್ನಯ್ಯ ಪರದೆಯನ್ನೂ ಫರ್ಹಾನಳನ್ನೂ ನೋಡಿದರು. “ಹಾಗಾದ್ರೆ ಸೋತಿದ್ರೆ?”

“ಸೋತಿದ್ರೆ ಇನ್ನೂರು ಚಿಲ್ಲರೆ ಪುಟ ಬರೆದು ಎಂದಾದ್ರೂ ಒಂದು ದಿನ ಮುಗೀತಿತ್ತು” ಎಂದ ಉಜ್ವಲ ಚೀಲ ಹೆಗಲಿಗೇರಿಸುತ್ತ. “ಗೆದ್ದದ್ದಲ್ವಾ, ಇದು ಮುಗಿಯುವುದಲ್ಲ. ಬೇಕಾದ್ರೆ ಹೇಳಿ ಫರ್ಹಾನ. ಈಗಲೂ ಬೇಲಿ ವಾಪಸ್ ಹಾಕಬಹುದು. ಒಂದು ಗಂಟೆಯ ಕೆಲಸ.”

ಕೆಳಗೆ ಮೂಡಬಿದ್ರೆ ಬಸ್ಸು ಹಾರ್ನ್ ಹಾಕಿತು. ಫರ್ಹಾನ ಕುರ್ಚಿ ಎಳೆದು ಕೂತಳು.

“ಬಸ್ಸು ತಪ್ಪೀತು, ಹೋಗಿ” ಎಂದಳು. “ಬೇಲಿ ಹಾಕುವುದಿಲ್ಲ.”

ಉಜ್ವಲ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಶಾಲೆ ಬಿಟ್ಟ ಮಕ್ಕಳು ಹಾಗೆ ಇಳಿಯುತ್ತಾರೆ.

ಚಿನ್ನಯ್ಯ ಸೆಂಟರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು, “ನಾಳೆ ಭಾನುವಾರ, ರಜೆ. ನಿನಗೆ ಹೇಗೂ ಬೇಕಾಗ್ತದೆ” ಎಂದು ಹೊರಟರು. ಮಾಸ್ಟ್ರು ಕೊಡೆ ಹುಡುಕಿಕೊಂಡು ಹೊರಟವರು, “ಮನೆಯಲ್ಲಿ ಮೊಮ್ಮಗಳ ಕಂಪ್ಯೂಟರಿನಲ್ಲೂ ಇದು ತೆರೆಯುತ್ತದೆ ಅಲ್ಲವಾ? ನನಗೆ ಇನ್ನೂ ಸ್ವಲ್ಪ ಬರೆಯಲಿಕ್ಕುಂಟು” ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಫರ್ಹಾನ ಮೊದಲ ಪುಟ ತೆರೆದಳು. ಬಂಟ್ವಾಳದವರು ಹೆದರಿ ಹೆದರಿ ನಾಲ್ಕು ಸಾಲು ಬರೆದು ಕೊನೆಗೆ ಕೇಳಿದ್ದರು: “ನಾವು ಬರೆದದ್ದನ್ನು ನಿಜವಾಗಿ ಯಾರಾದರೂ ಓದುತ್ತಾರಾ?”

ಅವಳು ಕೆಳಗೆ ಬರೆದಳು: “ನಾನು ಓದ್ತೇನೆ. ಹೆದರಬೇಡಿ. ಇನ್ನೂ ಬರೀರಿ.”

ಅವರು ಹೆದರಲಿಲ್ಲ. ಅವಳು ಕಣ್ಣು ಮಿಟುಕಿಸುವುದರೊಳಗೆ ಇನ್ನೂ ಹನ್ನೊಂದು ಪುಟ ಕಳಿಸಿದರು.