ಐದು ನಿಮಿಷದ ಆಟ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತ ಗಾದೆ. ಸುಧಾಕರ ಬಿಟ್ಟುಕೊಂಡದ್ದು ಇರುವೆಯಲ್ಲ, ಮೂವತ್ತೆರಡು ಚೀಟಿ.

ಉರಿಗಾಂನ ಹೈಸ್ಕೂಲಿನಲ್ಲಿ ಅವನು ಇಂಗ್ಲಿಷಿನ ಅತಿಥಿ ಶಿಕ್ಷಕ. ಅತಿಥಿ ಅಂದಮೇಲೆ ಯಾವಾಗ ಬೇಕಾದರೂ ಎದ್ದು ಹೋಗು ಅನ್ನಬಹುದು. ಆವತ್ತು ಬಂಗಾರಪೇಟೆ ಕಡೆಯಿಂದ ಸಾಹೇಬರೊಬ್ಬರು ಬಂದು, ಪಾಠ ನೋಡಿ, ಇವನನ್ನು ಇಟ್ಟುಕೊಳ್ಳುವುದೋ ಬೇಡವೋ ಹೇಳುವವರಿದ್ದರು. ಮನೆಯಲ್ಲಿ ದುಡಿಯುವವನು ಇವನೊಬ್ಬನೇ. ಅಪ್ಪ ಕೊಂಡಪ್ಪ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ಧೂಳನ್ನೆಲ್ಲ ಎದೆಗೆ ತುಂಬಿಕೊಂಡು ಬಂದವನು. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದ್ದರೂ ಧೂಳು ಖಾಲಿಯಾಗಿರಲಿಲ್ಲ. ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದ.

ಪಾಠಕ್ಕೆ ಮೊದಲು ಐದು ನಿಮಿಷ ಏನಾದರೂ ಆಡಿಸಿ ಮಕ್ಕಳ ನಾಲಿಗೆ ಸಡಿಲ ಮಾಡಬೇಕು, ಅದಕ್ಕೆ ವಾರ್ಮ್ ಅಪ್ ಅನ್ನುತ್ತಾರೆ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಚೀಟಿಯ ತುಂಬ ಇಂಗ್ಲಿಷ್ ಪ್ರಶ್ನೆ. ಈಜು ಬರುವವರು ಯಾರು? ಕತ್ತಲೆಗೆ ಹೆದರದವರು ಯಾರು? ಮಕ್ಕಳು ಓಡಾಡಿಕೊಂಡು ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲೇ ಕೇಳಿ, ಹೌದು ಅಂದವರ ಹೆಸರು ಬರೆದು ಸಹಿ ಹಾಕಿಸಿಕೊಳ್ಳಬೇಕು. ಅಷ್ಟೇ ಆಟ. ನಮ್ಮೂರಿಗೆ ಹೊಂದಲಿ ಅಂತ ಸುಧಾಕರ ಕೊನೆಗೊಂದು ಸೇರಿಸಿದ: ಗಣಿಯೊಳಗೆ ಇಳಿದವರು ಯಾರು?

ಒಂಬತ್ತನೇ ಕ್ಲಾಸಿನ ಸಹನ ಎದ್ದು ನಿಂತಳು. "ಸಾರ್, ನಾವು ಉಟ್ಟೋ ಮುಂಚೇನೇ ಗಣಿ ಮುಚ್ಚೋಯ್ತಲ್ಲ ಸಾರ್. ಯಾರ್ ಇಳ್ದಿರ್ತಾರೆ?"

ಇಷ್ಟು ಬುದ್ಧಿ ಸಾರ್‌ಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ರಾಧಾಮಣಿ ಮೇಡಂ ಬಾಗಿಲಲ್ಲಿ ಇಣುಕಿದರು. "ಸಾಹೇಬರ ಜೀಪು ಪಂಕ್ಚರಂತೆ ಕಣ್ರೀ, ಇನ್ನೂ ಒಂದು ಗಂಟೆ. ಅಲ್ಲೀವರೆಗೂ ಇದನ್ನೇ ಎಳೀರಿ. ಲೈನ್‌ಮನೆಗಳಿಗೆ ಕಳಿಸ್ರೀ ಮಕ್ಕಳನ್ನ, ಹಳೇ ಗಣಿಯವರೆಲ್ಲ ಅಲ್ಲೇ ಇದಾರೆ. ಸಾಹೇಬರಿಗೆ ಹೇಳೋಕೂ ಚೆನ್ನಾಗಿರುತ್ತೆ!"

ಬೇಡ ಅನ್ನಲು ಅತಿಥಿಗೆ ಬಾಯಿ ಎಲ್ಲಿಯದು? ಮಕ್ಕಳು ಹೋ ಅಂತ ಗೇಟು ದಾಟಿದರು.

ಲೈನ್‌ಮನೆಗಳಲ್ಲಿ ಹಿಂದೆಲ್ಲ ಇಂಗ್ಲಿಷ್ ಕಾಗದ ಬಂತು ಅಂದರೆ ಕಂಪೆನಿ ಕಾಗದ ಬಂತು ಅಂತಲೇ ಅರ್ಥ. ಅದರಲ್ಲೂ ಹೆಸರು, ಸಹಿ, ಗಣಿಗೆ ಇಳಿದಿದ್ದೀರಾ ಅಂತ ಪ್ರಶ್ನೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಇಲ್ಲಿಯವರು ಕರುವಿಗೆ ಹೆಸರೂ ಇಟ್ಟರು. ಅರ್ಧ ಗಂಟೆಯಲ್ಲಿ ಗಣಿ ಮತ್ತೆ ತೆರೆಯುವ ಸುದ್ದಿ ಕೊನೆಯ ಲೈನು ಮುಟ್ಟಿತು.

"ಅದೇನು ಈಜು ಬತ್ತದಾ ಅಂತ ಕೇಳ್ತಾವ್ರೆ?" ಅಂದ ಒಬ್ಬ.

"ಒಳಗೆಲ್ಲಾ ನೀರ್ ತುಂಬೈತಲ್ಲಪ್ಪಾ!" ಅಂದ ಹಳೇ ಗಣಿಯಾಳು ಆರುಮುಗಂ. "ಎಲ್ಲಾ ಯೋಚ್ನೆ ಮಾಡೇ ಕಳ್ಸವ್ರೆ."

ಹನ್ನೊಂದು ಗಂಟೆಗೆ ಶಾಲೆಯ ಅಂಗಳದಲ್ಲಿ ಇನ್ನೂರು ಜನ. ಕೆಲವರ ಕೈಯಲ್ಲಿ ಮಾಸಿದ ಗುರುತಿನ ಚೀಟಿ. ಆರುಮುಗಂ ತಲೆ ಮೇಲೆ ಗಣಿಯ ಟೋಪಿ. "ಸಾರ್, ಈಜು ಬರಲ್ಲ ನಂಗೆ, ಕಲ್ತ್ಕೊಂತೀನಿ. ಪೇರು ಮಾತ್ರ ಬರ್ಕೊಳ್ಳಿ ಸಾರ್!"

"ಅಯ್ಯೋ, ಇದು ಮಕ್ಕಳಾಟ ಕಣಯ್ಯಾ! ಐದು ನಿಮಿಷದ ಆಟ!" ಅಂದ ಸುಧಾಕರ.

ಆರುಮುಗಂ ಕಣ್ಣು ಹೊಡೆದ. "ಗೊತ್ತು ಸಾರ್. ಆರ್ಡರ್ ಬರೋಗಂಟ ಬಾಯ್ ಬಿಡಂಗಿಲ್ಲ."

ಅವನ ಹಿಂದಿನಿಂದ ಮುನಿಗಂಗಮ್ಮ ನುಗ್ಗಿ ಬಂದಳು. "ನಮ್ ಯಜಮಾನ್ರು ಓಗಿ ಅತ್ತು ವರ್ಷ ಆಯ್ತು ಕಣಪ್ಪ. ಅವ್ರ ಬದ್ಲಿ ನಾನೇ ಇಳೀತೀನಿ, ಬರ್ಕೋ."

ಆಟ ಅಂತ ಆ ತಾಯಿಗೆ ಯಾವ ಬಾಯಲ್ಲಿ ಹೇಳುವುದು? ಆದರೂ ಸುಧಾಕರ ಹೇಳಿದ. ಅವಳೂ ನಂಬಲಿಲ್ಲ.

ಆಗಲೇ ಜೀಪು ಬಂತು. ಗಣಿ ತೆರೆಯುವ ಸಾಹೇಬರು ಇವರೇ ಅಂತ ಜನ ಮುತ್ತಿಕೊಂಡರು. ಕನಕಾಂಬರದ ಹಾರ ಬಿತ್ತು, ಇಬ್ಬರು ಕಾಲಿಗೆ ಬಿದ್ದರು. ತನ್ನ ಶಕ್ತಿ ತೋರಿಸಲು ಆರುಮುಗಂ ಕುಡಿಯುವ ನೀರಿನ ಡ್ರಮ್ಮನ್ನು ಎತ್ತಿದ. ಅರ್ಧ ನೀರು ಸಾಹೇಬರ ಪ್ಯಾಂಟಿಗೆ ಹೋಯಿತು. ಜೀವ ಉಳಿದರೆ ಸಾಕು ಅಂತ ಸಾಹೇಬರು, "ಆಗಲಿ ಆಗಲಿ, ಮೇಲಿನವರಿಗೆ ತಿಳಿಸ್ತೀನಿ" ಅಂದುಬಿಟ್ಟರು. ಜನ ಜೈಕಾರ ಹಾಕಿದರು.

ಒಳಗೆ ಬಾಗಿಲು ಹಾಕಿಕೊಂಡು ಸಾಹೇಬರು ಕೇಳಿದರು. "ಯಾರದ್ರೀ ಈ ಐಡಿಯಾ?"

ರಾಧಾಮಣಿ ಮೇಡಂ ಫ್ಯಾನು ನೋಡಿದರು. "ಸುಧಾಕರ್ ಅವರದು ಸರ್."

"ಪಾಠ ಯಾವಾಗ ಮಾಡಿದ್ರಿ?"

"ಇನ್ನೂ ಶುರು ಮಾಡಿಲ್ಲ ಸರ್."

"ಶುರು ಮಾಡೋದೂ ಬೇಡ. ನಾಳೆಯಿಂದ ಬರಬೇಡಿ."

ಸಂಜೆ ಸುಧಾಕರ ಮನೆ ಕಡೆ ಕಾಲೆಳೆಯುತ್ತ, ಅಪ್ಪನಿಗೆ ಹೇಳುವ ಮಾತನ್ನು ಜೋಡಿಸಿಕೊಂಡು ಬಂದ. ಬೀದಿಯಲ್ಲಿ ಜನ ಅವನಿಗೆ ಕೈ ಮುಗಿಯುತ್ತಿದ್ದರು.

ಕೊಂಡಪ್ಪ ಮಂಚದ ಮೇಲಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಗಲ್ಲದಲ್ಲಿ ಬ್ಲೇಡು ತಾಗಿದ ಗಾಯವಿತ್ತು. ಕಾಲಿಗೆ ಗಣಿಯ ಬೂಟು. ತೊಡೆಯ ಮೇಲೆ ಸಹನ ಕೊಟ್ಟುಹೋದ ಚೀಟಿ, ಎಲ್ಲ ಪ್ರಶ್ನೆಯ ಮುಂದೂ ಅವನದೇ ನಡುಗುವ ಸಹಿ.

"ಕಳ್ ನನ್ಮಗ್ನೆ, ಮನೇಲೇ ಒಂದ್ ಮಾತ್ ಏಳಿಲ್ವಲ್ಲೋ," ಅಂದು ನಕ್ಕ. ನಗು ಕೆಮ್ಮಾಯಿತು. ಉಸಿರು ಸಿಕ್ಕಿದ ಮೇಲೆ ಮೆಲ್ಲಗೆ, "ಈಜು ಬತ್ತದೆ ಅಂತ ಸುಳ್ ಬರ್ದಿವ್ನಿ. ಯಾರ್ಗೂ ಏಳ್ಬೇಡ" ಅಂದ.

"ಅಪ್ಪಾ, ಅದು..."

"ಸುಮ್ಕಿರು. ನಾಕ್ ವರ್ಷ ನೀನು ಆ ಸ್ಕೂಲ್ನಾಗೆ ಕಂಡೋರ್ ಕೈಲೆಲ್ಲಾ ಅನ್ನಿಸ್ಕಂಡೆ, ನಂಗ್ ಗೊತ್ತಿಲ್ವಾ? ಸಾಕು ಬುಡು. ಇನ್ ನಾನ್ ದುಡೀತೀನಿ. ನಾಳೆಯಿಂದ ನೀನು ಆ ಕೆಲ್ಸಕ್ಕೆ ಓಗ್ಬೇಡ ಕಣ್ಲಾ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಸುಧಾಕರ ಅಲ್ಲಿಗೇ ಬಿಟ್ಟ. ಅಪ್ಪನ ಪಕ್ಕ ಕೂತ. ಬೂಟಿನ ದಾರ ಬಿಗಿಯಾಗಿತ್ತು, ಸ್ವಲ್ಪ ಸಡಿಲಿಸಿದ.

"ಆಯ್ತಪ್ಪಾ," ಅಂದ. "ನಾಳೆಯಿಂದ ಓಗಲ್ಲ."

ಹುಟ್ಟಿದ ಲಾಗಾಯ್ತು ಮಗ ತನ್ನ ಮಾತನ್ನು ಇಷ್ಟು ಬೇಗ ಕೇಳಿದ್ದು ಇದೇ ಮೊದಲು ಅಂತ ಕೊಂಡಪ್ಪನಿಗೆ ಬಹಳ ಸಂತೋಷವಾಯಿತು.