ಮಾವನ ಸರ್ವರ್ ಮೆಮೊರಿ

ನಮ್ಮ ಸೋದರಮಾವನಿಗೆ ಬುದ್ಧಿ ಕಡಿಮೆ ಎಂದು ನಾನೆಂದೂ ಹೇಳಿಲ್ಲ. ಅಗತ್ಯಕ್ಕಿಂತ ಹೆಚ್ಚಿರುವುದೇ ತೊಂದರೆ! ಪ್ಯಾಂಟಿಗೆ ಬೆಲ್ಟ್ ಹಾಕಿ, ಅದರ ಮೇಲೊಂದು ಲಾಡಿಯನ್ನೂ ಬಿಗಿಯುವವರನ್ನು ನೀವು ಕಂಡಿದ್ದೀರಾ? ಸಿಂಹಾಚಲಂ ಬೆಟ್ಟ ಹತ್ತುವಾಗ ಅವರ ಕೈಯಲ್ಲಿ ಮೂರು ಛತ್ರಿ ಇದ್ದವೆಂದು ನನ್ನ ದಿನಚರಿ ಹೇಳುತ್ತದೆ. ಸಿಟ್ಟಿನಲ್ಲಿ ಒಂದನ್ನು ನಾನೇ ಸೇರಿಸಿರಲೂಬಹುದು.

ವಿಜಯವಾಡದ ಪಕ್ಕದಲ್ಲೇ ಆಂಧ್ರದ ಹೊಸ ರಾಜಧಾನಿ ಬಂದೇಬಿಡುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಬ್ಯಾಂಕಿನಿಂದ ನಿವೃತ್ತರಾಗಿ ವಿಶಾಖಪಟ್ಟಣದಲ್ಲೇ ಉಳಿದಿದ್ದ ಮಾವ ಮನೆಗೊಂದು ಕಂಪ್ಯೂಟರ್ ಜೋಡಿಸಲು ಹೊರಟರು. ಅತ್ತೆಗೆ ಗಂಟಲಿನ ಆಪರೇಷನ್ ನಿಶ್ಚಯವಾಗಿತ್ತು. ಆಮೇಲೆ ದನಿ ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಅತ್ತೆಯ ದೇವರನಾಮಗಳನ್ನೆಲ್ಲ ರೆಕಾರ್ಡ್ ಮಾಡಬೇಕು. ಸರಿ, ಮಾಡಲಿ. ಆದರೆ ಅದಕ್ಕೆ ಬ್ಯಾಂಕಿನ ಸರ್ವರಿಗೆ ಹಾಕುವ ರಿಜಿಸ್ಟರ್ಡ್ ಮೆಮೊರಿಯೇ ಬೇಕೆಂದರೆ? ಮನೆಯ ಕಂಪ್ಯೂಟರಿಗೆ ಅನ್‌ಬಫರ್ಡ್ ಎಂಬ ಸಾದಾ ಮೆಮೊರಿಯೇ ಸರಿ ಎಂದ ಅಲ್ಲಿನ ಅಂಗಡಿಯವರೆಲ್ಲ ಅವರ ಪಾಲಿಗೆ ದಡ್ಡರಾದರು! ರೈಲು ಹತ್ತಿ ವಿಜಯವಾಡಕ್ಕೆ, ನನ್ನ ಮನೆಗೇ ಬಂದಿಳಿದರು.

ನನ್ನ ರಜೆ ಹಾಳು. ಗವರ್ನರ್‌ಪೇಟೆಯ ಬಿಸಿಲಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆವು.

"ಇದಿ ಸರ್ವರ್‌ದಂಡಿ. ಇಂಟ್ಲೋ ಸಿಸ್ಟಮ್‌ಕಿ ಪನಿಚೇಯದಂಡಿ!" ಇದು ಸರ್ವರಿನದು, ಮನೆಯ ಕಂಪ್ಯೂಟರಿಗೆ ನಡೆಯದು ಎಂದು ಅಂಗಡಿಯವರು ಕೈಮುಗಿದರು.

"ಮಾವ, ಮಾರೋರೇ ಬೇಡ ಅಂತಿದಾರಲ್ಲ!"

"ಸುಮ್ನಿರೇ. ಅವಳ ಹಾಡಲ್ಲಿ ಒಂದಕ್ಷರ ಹೋಗಬಾರದು. ಇದು ತನ್ನ ತಪ್ಪನ್ನ ತಾನೇ ಹಿಡಿದು ತಿದ್ಕೊಳ್ಳುತ್ತೆ. ನಿಂಗೆ ಆ ಗುಣ ಇದೆಯಾ?"

ನೋಡಿ, ಹೇಗಿದೆ! ಕೊಂಡೇ ಕೊಂಡರು. ನಾನೂ ಜೊತೆಗೆ ವಿಶಾಖಪಟ್ಟಣಕ್ಕೆ ಹೋದೆ, ಅತ್ತೆಯನ್ನು ನೋಡಲು. ಮಾವ ಸೋಲುವುದನ್ನು ನೋಡಲು ಎಂದರೂ ಸುಳ್ಳಲ್ಲ. ಮೆಮೊರಿ ತನ್ನ ಜಾಗದಲ್ಲಿ ಠೀವಿಯಿಂದಲೇ ಕೂತಿತು. ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಮಾವ ಅದನ್ನು ಕಿತ್ತು ಊದಿದರು, ಪಂಚೆಯಲ್ಲಿ ಒರೆಸಿದರು, ಕೊನೆಗೆ ಕುಂಕುಮವನ್ನೂ ಹಚ್ಚಿದರು!

ಒಳಗಿನಿಂದ ಅತ್ತೆಯ ಗೊಗ್ಗರು ದನಿ: "ನಾಳಿದ್ದು ನನ್ನ ಅಡ್ಮಿಟ್ ಮಾಡ್ಕೋತಾರೆ. ಅಷ್ಟರಲ್ಲಿ ಆ ಪೆಟ್ಟಿಗೆ ಬಾಯಿ ಬಿಡುತ್ತಾ, ಕೇಳೇ ಅವರನ್ನ!"

ಮಾವ ಚಪ್ಪಲಿ ಮೆಟ್ಟಿ ಹೋಗಿ, ತಾವೇ ದಡ್ಡರೆಂದಿದ್ದವರ ಅಂಗಡಿಯಿಂದ ಸಾದಾ ಮೆಮೊರಿ ತಂದು ಹಾಕಿದರು. ಪರದೆ ಬೆಳಗಿತು. ಗೆದ್ದ ಖುಷಿಯಲ್ಲಿ ನಾನು ರೆಕಾರ್ಡಿಂಗ್ ಶುರುಮಾಡಿ ಮೈಕು ಹಿಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು, ಕೆಮ್ಮಿ, ಶ್ರುತಿ ಹಿಡಿದರು.

"ಹಾಡು ಆಮೇಲೆ," ಎಂದರು ಮಾವ. "ಮೊದಲು ಬೈಯಿ."

"ಏನಂದ್ರಿ?"

"ದಿನಾ ಬೆಳಗ್ಗೆ ಬೈತೀಯಲ್ಲ, ಹಾಗೇ. ಪೂರ್ತಿ."

ಮದುವೆಯಾದಾಗಿನಿಂದ ಮಾವನನ್ನು ಬೈಯಲು ಒಮ್ಮೆಯೂ ಮಾತಿಗೆ ತಡವರಿಸದ ಅತ್ತೆ ಬಾಯಿ ತೆರೆದರು, ಮುಚ್ಚಿದರು. ಮಾವ ಅವರ ಎದುರಿಗೆ ನೆಲದ ಮೇಲೆ ಕೂತು ಕಾಯುತ್ತಲೇ ಇದ್ದರು. ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.